ಮೈಕ್ ಬಿಟ್ಟು ಬಂದ ಷಡ್ಡಕ

ನನ್ನ ಹೆಂಡತಿಯ ತವರು ಮಾನ್ವಿಯಲ್ಲಿದೆ, ಅಕ್ಕಿ ಗಿರಣಿಯವರ ಮನೆ. ಆ ಮನೆಗೆ ಇಬ್ಬರು ಅಳಿಯಂದಿರು, ಹಿರಿಯ ನಾನು. ದೇವದುರ್ಗದ ದನದ ಸಂತೆಯಲ್ಲಿ ದಲ್ಲಾಳಿಯಾಗಿ ಶುರು ಮಾಡಿದವನು. ಹೆಗಲ ಮೇಲಿನ ವಲ್ಲಿಯನ್ನು ಎರಡು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ತಿಳಿಸುವ ವ್ಯಾಪಾರ ಅದು. ಬಾಯಿಂದ ಒಂದು ಮಾತು ಹೊರಡಬಾರದು, ಮುಖದಲ್ಲಿ ಒಂದು ಗೆರೆ ಅಲುಗಬಾರದು. ಎತ್ತುಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಹೆಚ್ಚಾದಾಗ ನಾನೂ ಅವುಗಳ ಹಿಂದೆ ಹೊರಟೆ. ಈಗ ರಾಯಚೂರಿನಲ್ಲಿ ಹಳೆಯ ಟ್ರ್ಯಾಕ್ಟರು, ಟ್ರ್ಯಾಲಿಗಳನ್ನು ಕೊಂಡು, ದುರಸ್ತಿ ಮಾಡಿಸಿ ಮಾರುವ ನನ್ನದೇ ಶೆಡ್ಡಿದೆ. ಯಾರೂ ಕೈಹಿಡಿದು ತಂದು ಕೂರಿಸಿದ್ದಲ್ಲ.

ಕಿರಿಯ ಅಳಿಯ, ಅಂದರೆ ನನ್ನ ಷಡ್ಡಕ, ದೂರದ ದೊಡ್ಡ ಊರಿನ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಾನೆ. ರಾಡಾರ್ ಪರದೆಯ ಮುಂದೆ ಕೂತು, ಯಾವ ವಿಮಾನ ಎಷ್ಟು ಎತ್ತರದಲ್ಲಿ ಯಾವ ದಾರಿ ಹಿಡಿಯಬೇಕೆಂದು ಮೈಕಿನಲ್ಲಿ ಪೈಲಟ್‌ಗಳಿಗೆ ಹೇಳುವ ನಿಯಂತ್ರಕ ಅವನು. ಗಿರಣಿಯ ಅಂಗಳದಲ್ಲಿ ಭತ್ತ ಒಣಗಲು ಹಾಕಿರುವಾಗ ಮೇಲೆ ಎಲ್ಲೋ ಸದ್ದು ಕೇಳಿಸಿದರೆ ಸಾಕು, ನಮ್ಮತ್ತೆ ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಾರೆ.

“ಸಣ್ಣ ಅಳಿಯಾರು ಕಳಿಸ್ಯಾರ ನೋಡ್ರಿ!”

“ಅತ್ತೀ, ಅದು ಬ್ಯಾರೆ ಊರಿನ ವಿಮಾನ. ಅವನ ಕೈಗೆ ಬರಂಗಿಲ್ಲ,” ಎಂದು ಒಮ್ಮೆ ಹೇಳಿ ನೋಡಿದೆ.

“ಆದ್ರ ಏನಾತ್ರಿ? ಅವರ ಮಂದೀನ ಕಳಿಸಿರಬೇಕಲ್ಲ.”

ಅದೇ ಮನೆಯ ಮುಂದಿನ ರಸ್ತೆಯಲ್ಲಿ ನಾನು ಮಾರಿದ ಟ್ರ್ಯಾಕ್ಟರುಗಳು ದಿನವಿಡೀ ಓಡಾಡುತ್ತವೆ. ಒಂದಕ್ಕಾದರೂ ಅತ್ತೆ ಹಣೆಗೆ ಕೈ ಹಿಡಿದಿಲ್ಲ. ಇದನ್ನು ಹೊಟ್ಟೆಕಿಚ್ಚು ಅನ್ನುತ್ತೀರೇನು? ಅನ್ನಿ. ಬಣ್ಣ ಬಳಿದರೆ ಎಂಜಿನ್ ಬದಲಾಗುವುದಿಲ್ಲ, ಇದು ಅದೇ.

ಮೊನ್ನೆಯ ಮಳೆಗಾಲದಲ್ಲಿ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಷಡ್ಡಕ ಹೆಂಡತಿಯನ್ನು ಕರೆದುಕೊಂಡು ಮಾನ್ವಿಗೆ ಬಂದ. ನಾನೂ ಅಂದು ಅಲ್ಲೇ ಇದ್ದೆ. ಊಟಕ್ಕೆ ಕೂತಾಗ ಮಾವನವರು ರಜೆ ಎಷ್ಟು ದಿನ ಎಂದು ಕೇಳಿದರು.

“ರಜಾ ಅಲ್ರೀ ಮಾವಾರ. ನನ್ನ ಮೈಕಿನಿಂದ ಇಳಿಸ್ಯಾರ. ಒಂದು ಘಟನಾ ಆಗ್ಯಾದ, ತನಿಖೆ ನಡದದ.”

ಮಾವನವರ ಕೈಯಲ್ಲಿದ್ದ ರೊಟ್ಟಿ ತುಂಡು ಪಲ್ಯದಲ್ಲೇ ನಿಂತಿತು. “ತಿರುಗಿ ಕೂಡಸ್ತಾರೋ ಇಲ್ಲೋ?”

“ಗೊತ್ತಿಲ್ರೀ.”

ಅಂದಿನಿಂದ ಆ ಮನೆಯಲ್ಲಿ ಇದೊಂದೇ ಮಾತು. ಮೈಕು ಮತ್ತೆ ಅವನ ಕೈಗೆ ಬರುತ್ತದೋ ಇಲ್ಲವೋ. ಅತ್ತೆ ವಿಮಾನದ ಸದ್ದು ಬಂದರೂ ತಲೆ ಎತ್ತಲಿಲ್ಲ. ನನಗೆ ಹೊಟ್ಟೆಯೊಳಗೆ ತಣ್ಣನೆಯ ಮಜ್ಜಿಗೆ ಇಳಿದಂತಾಯಿತು. ಮುಖದ ಗೆರೆ ಅಲುಗಿಸದೆ ಇರುವುದು ನನಗೆ ಹೊಸದಲ್ಲವಲ್ಲ. ಮಾವನವರು ನನ್ನನ್ನು ಪಕ್ಕಕ್ಕೆ ಕರೆದು, “ಇಂಥಾವು ಬಗಿಹರಿಸಿದವ್ರು ನೀವು. ಸ್ವಲ್ಪ ಬುದ್ಧಿ ಹೇಳ್ರಿ ಅವ್ರಿಗೆ,” ಎಂದರು. ಮರುದಿನ ಬೆಳಿಗ್ಗೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ರಾಯಚೂರಿಗೆ ಹೊರಟೆ. ಮನೆಯಲ್ಲಿ ಎಲ್ಲರೂ ತನ್ನನ್ನು ಜ್ವರ ಬಂದವನನ್ನು ನೋಡಿದಂತೆ ನೋಡುತ್ತಾರೆ ಎಂದು ಅವನೂ ಖುಷಿಯಿಂದಲೇ ಹತ್ತಿದ.

“ಈಗ ಹೇಳು ತಮ್ಮಾ, ಏನಾತು?”

“ಮೋಡ ತಪ್ಪಿಸಾಕ ಒಂದು ವಿಮಾನಕ್ಕ ದಾರಿ ಬಿಟ್ಟು ಪಕ್ಕಕ್ಕ ಹೋಗಾಕ ಬಿಟ್ಟಿದ್ದೆ ಅಣ್ಣಾರ. ಆಮ್ಯಾಲೆ ತಿರುಗಿ ದಾರಿಗೆ ಬಾ ಅಂತ ನಾನ ಹೇಳಿದೆ. ಅಷ್ಟರಾಗ ನನ್ನ ಪಾಳಿ ಮುಗೀತು, ಗೆಳೆಯ ಬಂದು ಕುಂತ. ಎಲ್ಲಾ ವಿಮಾನದ ಹಕೀಕತ್ ಒಪ್ಪಿಸಿದೆ. ಇದನ್ನ ದಾರಿಗೆ ಕರೆದೀನಿ ಅನ್ನೋದೊಂದು ಹೇಳೋದು ಬಿಟ್ಟೆ. ಅವ ಆ ಜಾಗ ಖಾಲಿ ಅದ ಅಂತ ತಿಳಿದು ಇನ್ನೊಂದನ್ನ ಆ ಕಡೆ ಕಳಿಸಿದ.”

“ಡಿಕ್ಕಿ ಆಗ್ತಿತ್ತೇನು?”

“ಇಲ್ರೀ. ಎರಡರ ನಡುವ ಇಷ್ಟು ದೂರ ಇರಬೇಕು ಅಂತ ನಿಯಮ ಅದ. ಅದಕ್ಕಿಂತ ಹತ್ತರ ಬಂದ್ವು. ಪರದಿ ಮ್ಯಾಲೆ ಎಚ್ಚರಿಕಿ ಬಂತು, ಗೆಳೆಯ ಒಂದನ್ನ ತಿರುಗಿಸಿಬಿಟ್ಟ. ಒಳಗ ಕುಂತ ಮಂದಿಗೆ ಗೊತ್ತೂ ಆಗಿಲ್ಲ.”

“ಅವಾಗ ನೀ ಎಲ್ಲಿದ್ದಿ?”

“ಕ್ಯಾಂಟೀನಿನ್ಯಾಗ.”

ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಇಷ್ಟು ಸಲೀಸಾದ ವ್ಯವಹಾರ ನನ್ನ ಜನ್ಮದಲ್ಲಿ ಬಂದಿರಲಿಲ್ಲ. “ಹಂಗಾದ್ರ ಇದರಾಗ ನಿಂದೇನದ? ಮೈಕ್ ಅವನ ಕೈಯಾಗಿತ್ತು!”

“ಅದಕ್ಕ ತನಿಖೆಗೆ ಅವನೊಬ್ಬನ ಹೆಸರ ಹೋಗ್ತಿತ್ತು. ನಾನ ಹೋಗಿ ಹೇಳಿದೆ, ಒಪ್ಪಿಸೋದ್ರಾಗ ಒಂದು ಮಾತು ಬಿಟ್ಟೀನಿ ಅಂತ.”

“ಯಾರು ಕೇಳಿದ್ರು ನಿನ್ನ?”

“ಯಾರೂ ಕೇಳಿರಲಿಲ್ಲ.”

ನಾನು ಎಂಜಿನ್ ಬಂದ್ ಮಾಡಿದೆ. ಓದಿದವರಿಗೆ ಬುದ್ಧಿ ಹೇಳುವಾಗ ಅವಸರ ಮಾಡಬಾರದು. ಇದು ನನ್ನ ಅನುಭವ, ಬೇಕಾದರೆ ನೀವೂ ಇಟ್ಟುಕೊಳ್ಳಿ. ಮೆಲ್ಲಗೆ ಶುರು ಮಾಡಿದೆ. “ಆಗಿದ್ದು ಆತು. ಈಗ ಅರ್ಧಾ ಅವನ ಮ್ಯಾಲೆ ಇಳಿಸು. ಅವ ಕೇಳಬೇಕಿತ್ತು, ಕೇಳಲಿಲ್ಲ ಅನ್ನು. ಉಳಿದಿದ್ರಾಗ ಒಂದಿಷ್ಟು ಮೋಡದ ಮ್ಯಾಲೆ ಹಾಕು.”

“ಮೋಡಕ್ಕ ನೋಟಿಸ್ ಕೊಡ್ತಾರೇನ್ರಿ ಅಣ್ಣಾರ?” ಎಂದು ಅವನು ನಕ್ಕುಬಿಟ್ಟ. “ಮೈಕಿನ್ಯಾಗ ಆಡಿದ್ದೆಲ್ಲಾ ರೆಕಾರ್ಡ್ ಆಗಿರ್ತದ. ನಾವು ಹೇಳಿದ್ದನ್ನ ಪೈಲಟ್ ತಿರುಗಿ ಹೇಳ್ತಾನ, ಅದೂ ಇರ್ತದ. ತನಿಖೆಯವರು ಅದನ್ನ ಹಚ್ಚಿ ಕೇಳಿಸಿ, ಪರದಿ ಹೆಂಗ ಕಾಣಾಕತ್ತಿತ್ತು ಅದನ್ನೂ ತೋರಿಸಿದ್ರು. ಒಮ್ಮೆ ಕುಂತು ಮಾತಾಡಿ ಬಂದೀನಿ.”

“ಬೈದ್ರೇನು?”

“ಕುಡಿಯಾಕ ನೀರು ಕೊಟ್ರು. ಆಮ್ಯಾಲೆ ನಿನ್ನ ಕಣ್ಣು ಎಲ್ಲಿತ್ತು, ಮನಸ್ಸಿನ್ಯಾಗ ಏನಿತ್ತು, ಏಳಾಕ ಯಾಕ ಅವಸರ ಮಾಡಿದಿ, ನಿನ್ನ ಜಾಗದಾಗ ಇನ್ನೊಬ್ಬ ಕುಂತಿದ್ರೂ ಇದು ಆಗ್ತಿತ್ತೇನು ಅಂತ ಕೇಳಿದ್ರು. ಯಾರ ತಪ್ಪು ಅಂತ ಒಮ್ಮೆನೂ ಕೇಳಲಿಲ್ಲ.”

ನಾನು ಗಾಡಿ ಚಾಲೂ ಮಾಡಿದೆ. ಅವನ ಸಂಬಳದ ಮೇಲೆ ನನಗೆ ಎಂದೂ ಕಣ್ಣಿರಲಿಲ್ಲ. ಅತ್ತೆ ಆಕಾಶ ನೋಡುವುದು ಮಾತ್ರ ಉರಿಸುತ್ತಿತ್ತು. ಈಗ ಅದಕ್ಕಿಂತ ಹೆಚ್ಚಾಗಿ ಈ ಪ್ರಶ್ನೆಗಳು ಉರಿಸಿದವು. ಸಂತೆಯಲ್ಲಿ ಒಮ್ಮೆ ಕಣ್ಣು ತಪ್ಪಿ ಕುಂಟೆತ್ತು ಕೊಂಡ ದಲ್ಲಾಳಿಯೊಬ್ಬನಿದ್ದ. ಅವನ ಹೆಸರು ಕುಂಟೆತ್ತು ಎಂದೇ ಆಗಿಹೋಯಿತು. ಅವನ ಮಗನ ಲಗ್ನದ ಚಪ್ಪರದಲ್ಲೂ ಹಾಗೆಯೇ ಕರೆದರು. ಅವತ್ತು ನಿನ್ನ ಕಣ್ಣು ಎಲ್ಲಿತ್ತು, ಬಿಸಿಲಿತ್ತೇ, ಹಸಿವಾಗಿತ್ತೇ ಎಂದು ಅವನನ್ನು ಯಾರು ಕೇಳಿದರು? ನನ್ನನ್ನಾದರೂ ಯಾರು ಕೇಳಿದ್ದಾರೆ? ನಾನು ತಪ್ಪು ಮಾಡಿದರೆ ಅದು ನನ್ನ ಹೆಸರು. ಇವನು ತಪ್ಪು ಮಾಡಿದರೆ ನೀರು ಕೊಟ್ಟು ಕೂರಿಸುತ್ತಾರೆ.

ಮುಂದಿನ ದಿನಗಳಲ್ಲಿ ಅವನು ನನ್ನ ಶೆಡ್ಡಿನಲ್ಲೇ ಹೊತ್ತು ಕಳೆದ. ಮೊದಲು ನನಗೂ ಅದು ಬೇಕಾಗಿತ್ತು. ಗಿರಾಕಿಯೊಡನೆ ನಾನು ಹೇಗೆ ಕೂರುತ್ತೇನೆ, ಹೇಗೆ ಬೇಡವೆಂದು ಎದ್ದು ಮತ್ತೆ ಕೂರುತ್ತೇನೆ, ನೋಡಲಿ ಎಂದುಕೊಂಡಿದ್ದೆ. ಅವನು ನೋಡಿದ್ದು ಕಡಿಮೆ. ಬೋರಲು ಹಾಕಿದ ಆಯಿಲ್ ಡ್ರಮ್ಮಿನ ಮೇಲೆ ಕೂತು ನಮ್ಮ ಡ್ರೈವರ್ ಜೊತೆ ಚಹಾ ಕುಡಿಯುತ್ತಿದ್ದ. ಆ ಡ್ರೈವರ್ ನನ್ನ ಹತ್ತಿರ ಬಹಳ ವರ್ಷದಿಂದ ಇದ್ದಾನೆ, ಮಾರಿದ ಗಾಡಿಗಳನ್ನು ಊರೂರಿಗೆ ಮುಟ್ಟಿಸುವವನು. ನಾನು ಏನು ಕೇಳಿದರೂ “ಚಲೋ ಅದ್ರಿ” ಅನ್ನುವುದಷ್ಟೇ ಅವನ ಉತ್ತರ.

ಒಂದು ಮಧ್ಯಾಹ್ನ ನಾನು ಟ್ರ್ಯಾಲಿಯ ಮರೆಯಲ್ಲಿ ನಿಂತು ಟೈರು ನೋಡುತ್ತಿದ್ದೆ. ಆಚೆಯಿಂದ ಅವರಿಬ್ಬರ ಮಾತು ಕೇಳಿಸಿತು.

“ಸಾಹೇಬ್ರ, ನಿಮ್ಮನ್ನ ಯಾಕ ಮನಿಗೆ ಕಳಿಸ್ಯಾರ್ರೀ?” ಎಂದ ಡ್ರೈವರ್.

ಷಡ್ಡಕ ಮುಚ್ಚುಮರೆ ಇಲ್ಲದೆ, ನನಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದ. ಸಂದಿಯಿಂದ ಇಣುಕಿದೆ, ಕಪ್ಪು ಬಸಿಗಳನ್ನೇ ಡ್ರಮ್ಮಿನ ಮೇಲೆ ವಿಮಾನಗಳನ್ನಾಗಿ ಮಾಡಿ ಸರಿಸಿ ತೋರಿಸಿದ. ಡ್ರೈವರ್ ಸುತ್ತ ಒಮ್ಮೆ ಕಣ್ಣಾಡಿಸಿದ. ಆಮೇಲೆ ದನಿ ತಗ್ಗಿಸಿದ.

“ನಂದೂ ಒಂದದ್ರಿ. ಗುಂಜಹಳ್ಳಿಗೆ ಟ್ರ್ಯಾಲಿ ಒಯ್ಯುವಾಗ ಏರಿನ್ಯಾಗ ಕೊಂಡಿ ಪಿನ್ನು ಹಾರಿ ಹೋತು. ಟ್ರ್ಯಾಲಿ ಹಿಂದಕ ಹಿಂದಕ ಉಳ್ಳಿ ಬೇವಿನ ಗಿಡಕ್ಕ ಹೋಗಿ ನಿಂತಿತು. ಆ ಗಿಡದ ಬುಡಕ ದಿನಾ ಮಂದಿ ಕುಂತಿರ್ತಾರ. ಅವತ್ತು ಮಳಿ ಹನಿ ಇತ್ತು, ಯಾರೂ ಇರಲಿಲ್ಲ.”

“ಪಿನ್ನಿಗೆ ಕ್ಲಿಪ್ಪು ಇರ್ತದಲ್ಲ, ಹಾರದಂಗ?”

“ಇರ್ತದ್ರಿ. ಗಿರಾಕಿ ಬಂದ್ರ ಅವ ನೋಡೋ ಗಾಡಿಗೆ ಎಲ್ಲಾ ಚಂದ ಇರಬೇಕಲ್ರೀ. ಹಿಂದಿನ ಗಾಡೀದು ಬಿಚ್ಚಿ ಮುಂದಿನದಕ್ಕ ಹಾಕ್ತೀವಿ. ನಾ ಒಯ್ದಿದ್ದು ಬಿಚ್ಚಿದ್ದಿತ್ತು.”

“ಸಾವ್ಕಾರ್ರಿಗೆ ಹೇಳಿದ್ಯೇನು?”

“ಏನ್ರೀ ಸಾಹೇಬ್ರ! ಹೇಳಿದ್ರ ಎಲ್ಲರ ಮುಂದ ನನ್ನ ಮರ್ಯಾದಿ ಉಳೀತದೇನು?”

ಅಂದೇ ಪೇಟೆಯಿಂದ ಒಂದು ಚೀಲ ಕ್ಲಿಪ್ಪು ತರಿಸಿ ಎಲ್ಲ ಟ್ರ್ಯಾಲಿಗಳಿಗೂ ಹಾಕಿಸಿದೆ, ತಂತಿಯಿಂದ ಕಟ್ಟಿಸಿದೆ. ಟ್ರ್ಯಾಲಿ ಇಟ್ಟುಕೊಂಡವರು ಯಾರಾದರೂ ಓದುತ್ತಿದ್ದರೆ ಇವತ್ತೇ ಎದ್ದು ಹೋಗಿ ಒಮ್ಮೆ ನೋಡಿ ಬನ್ನಿ. ಅದು ನಿಮಿಷದ ಕೆಲಸ. ಆದರೆ ಆ ರಾತ್ರಿ ಊಟ ಸೇರದಿದ್ದದ್ದು ಕ್ಲಿಪ್ಪಿನ ಕಾರಣಕ್ಕಲ್ಲ. ನನ್ನ ಶೆಡ್ಡು, ನನ್ನ ಚಹಾ, ನನ್ನ ಡ್ರೈವರ್. ಮಾತು ಹೋದದ್ದು ಅವನ ಕಿವಿಗೆ. ಅತ್ತೆ ಹೋಗಲಿ ಎಂದರೆ ಡ್ರೈವರೂ ಹೋದನಲ್ಲ!

ಅದೇ ವಾರದಲ್ಲಿ ತನಿಖೆಗೆ ಅವನನ್ನು ಮತ್ತೊಮ್ಮೆ ಕರೆಸಿಕೊಂಡರು. ಹೋಗಿ ಬಂದ. ಆಮೇಲೆ ಒಂದು ಬೆಳಿಗ್ಗೆ ಮಾನ್ವಿಯ ಅಂಗಳದಲ್ಲಿ ನಾವೆಲ್ಲ ಇರುವಾಗ ಅವನಿಗೆ ಆಫೀಸಿನಿಂದ ಫೋನ್ ಬಂತು. ಅವನು ಗಿರಣಿಯ ಗೋಡೆಯತನಕ ನಡೆದು ಹೋಗಿ ಮಾತಾಡಿದ. ಮಾವನವರು ನನ್ನ ಕೈ ಹಿಡಿದುಕೊಂಡಿದ್ದರು, ಗಟ್ಟಿಯಾಗಿ. ನಾನು ಏನು ಬೇಡಿಕೊಳ್ಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

“ಕೂಡಸ್ತಾರಂತ್ರಿ ಮಾವಾರ! ಒಂದಿಷ್ಟು ದಿನ ಬಾಜೂಕ ಹಿರಿಯರೊಬ್ರು ಇರ್ತಾರ, ಆಮ್ಯಾಲೆ ನಾನ. ಗೆಳೆಯಂದೂ ಹಂಗ.” ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನು ನನ್ನ ಕಡೆ ತಿರುಗಿದ. “ಇನ್ನೊಂದು ಕೇಳ್ರಿ ಅಣ್ಣಾರ. ಪಾಳಿ ಒಪ್ಪಿಸಿದಾವ ಲಗೂನ ಹೋಗಬಾರದು, ಸ್ವಲ್ಪ ಹೊತ್ತು ಬಾಜೂಕ ನಿಂತಿರಬೇಕು ಅಂತ ನಾ ತನಿಖೆಯವರಿಗೆ ಹೇಳಿ ಬಂದಿದ್ದೆ, ಅದನ್ನ ನಮ್ಮ ಕಡೆ ಎಲ್ಲರಿಗೂ ಪದ್ಧತಿ ಮಾಡ್ಯಾರಂತ.”

ನೋಡಿ, ಇದು ನ್ಯಾಯವೇ? ತಪ್ಪು ಮಾಡಿದವನ ಮಾತೇ ಎಲ್ಲರಿಗೂ ಪದ್ಧತಿಯಾಯಿತು. ನಾನು ಇಷ್ಟು ವರ್ಷ ಲೆಕ್ಕ ತಪ್ಪದೆ ವ್ಯಾಪಾರ ಮಾಡಿದೆ, ನನ್ನ ಒಂದು ಮಾತನ್ನೂ ರಾಯಚೂರಿನ ಯಾವ ಶೆಡ್ಡೂ ಪದ್ಧತಿ ಮಾಡಿಕೊಂಡಿಲ್ಲ. “ಚಲೋ ಆತು ತಮ್ಮಾ,” ಎಂದೆ. ಗೆರೆ ಅಲುಗಲಿಲ್ಲ. ಮಾವನವರು, “ಎಲ್ಲಾ ನಿಮ್ಮ ಬುದ್ಧಿವಾದ,” ಎಂದು ನನ್ನ ಬೆನ್ನು ತಟ್ಟಿದರು. ಷಡ್ಡಕ ನಗುತ್ತಾ ಹೌದೆಂದು ತಲೆಯಾಡಿಸಿದ. ಅದು ಇನ್ನೂ ಸುಟ್ಟಿತು.

ಅವನನ್ನು ರಾಯಚೂರು ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ನೇರ ಶೆಡ್ಡಿಗೆ ಬಂದೆ. ಡ್ರೈವರ್ ಕುರ್ಡಿಗೆ ಟ್ರ್ಯಾಕ್ಟರ್ ಮುಟ್ಟಿಸಿ ಆಗತಾನೇ ಬಂದಿದ್ದ. ನಾನು ಚಹಾ ತರಿಸಿದೆ. ಅದೇ ಡ್ರಮ್ಮಿನ ಮೇಲೆ ಕೂತೆ.

“ಗಾಡಿ ಹೆಂಗ ಹೋತಪಾ?”

“ಚಲೋ ಹೋತ್ರಿ.”

“ದಾರ್ಯಾಗ ಏನರ ಆಗಿದ್ರ ಹೇಳು. ಬೈಯಂಗಿಲ್ಲ.”

ಅವನು ಬಸಿಯನ್ನು ಬಾಯಿಯ ಹತ್ತಿರ ಒಯ್ದವನು ಹಾಗೇ ಕೆಳಗಿಟ್ಟ. ವಲ್ಲಿಯ ಕೆಳಗೆ ನನ್ನ ಬೆರಳು ಹಿಡಿದ ಗಿರಾಕಿಗಳು ನನ್ನ ಮುಖ ನೋಡುತ್ತಿದ್ದ ಹಾಗೆಯೇ ನೋಡಿದ.

“ಸಾವ್ಕಾರ್ರ, ಇದರಾಗ ಏನದ ಅದನ್ನ ಮೊದಲ ಹೇಳಿಬಿಡ್ರಿ. ನೀವು ಸುಮ್ಮಸುಮ್ಮನ ಕುಂಡ್ರಿಸಿ ಚಹಾ ಕುಡಿಸಾವ್ರಲ್ಲ.”

“ಏನಿಲ್ಲೋ ಮಾರಾಯಾ. ಖರೇನ ಕೇಳಾಕತ್ತೀನಿ.”

ಅವನು ತಲೆ ಕೆರೆದುಕೊಂಡ. “ಹಂಗಾದ್ರ ಆ ವಿಮಾನದ ಸಾಹೇಬ್ರ ನಂಬರ್ ಕೊಡ್ರಿ. ಅವ್ರಿಗೆ ಹೇಳ್ತೀನಿ. ಅವ್ರು ನಿಮಗ ಹೇಳ್ತಾರ.”

ಕೊಡಬಾರದು ಎಂದು ಮೈಯೆಲ್ಲ ಹೇಳಿತು. ಕೊಟ್ಟೆ.

ಎರಡು ದಿನ ಬಿಟ್ಟು ಷಡ್ಡಕನ ಫೋನ್ ಬಂತು. ಅವನು ಅಷ್ಟು ದೂರದ ಊರಿನಲ್ಲಿ, ನಾನು ಶೆಡ್ಡಿನ ಬಾಗಿಲಲ್ಲಿ. “ಅಣ್ಣಾರ, ಕುರ್ಡಿಗೆ ಕಳಿಸಿದ ಗಾಡೀದು ಎಡಗಡೆ ಬ್ರೇಕ್ ತಡಾ ಹಿಡೀತದಂತ. ತೆಗದುಕೊಂಡವರು ಹೊಲಕ್ಕ ಹೂಡೋದ್ರೊಳಗ ನೋಡಿಸಿದ್ರ ಚಲೋ. ಯಾರು ಹೇಳಿದ್ರು ಅಂತ ಮಾತ್ರ ಕೇಳಬ್ಯಾಡ್ರಿ.”

ಯಾರು ಹೇಳಿದರೆಂದು ಗೊತ್ತಿಲ್ಲವೇ? ಹೇಳಿದವನು ನನ್ನ ಮುಂದೆಯೇ ಕಪ್ಪು ತೊಳೆಯುತ್ತಿದ್ದ. ನಾನು ಮೆಕ್ಯಾನಿಕ್ಕನನ್ನು ಕರೆದು ಕುರ್ಡಿಗೆ ಕಳಿಸಿದೆ. ಡ್ರೈವರ್ ಕಡೆ ತಿರುಗಿದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗುವುದು ನನಗೆ ಯಾವ ಗಿರಾಕಿಯ ಮುಂದೂ ಇಷ್ಟು ಕಷ್ಟವಾಗಿರಲಿಲ್ಲ.

“ಇನ್ನೊಂದು ಕಪ್ ಕುಡೀತಿಯೇನು?” ಎಂದೆ.

“ಕೊಡ್ರಿ,” ಎಂದ. ಅಷ್ಟೇ. ಮೇಲೆ ಒಂದು ವಿಮಾನ ಹೋಯಿತು. ಆ ಹಾಳಾದವನು ಹಣೆಗೆ ಕೈ ಹಿಡಿದು ನೋಡಿದ.