ಒಂದೇ ಹುಳಕ್ಕೆ ಎರಡು ಹೆಸರು

ಕಣಜದ ಹುಳಗಳ ವರ್ಗೀಕರಣ ನನ್ನ ಸಂಶೋಧನೆಯ ವಿಷಯ. ಕೊಂಡಾಪುರದ ಬಾಡಿಗೆ ಕೋಣೆಯಿಂದ ದಿನವೂ ಪ್ರಯೋಗಾಲಯಕ್ಕೆ ಹೋಗುತ್ತಿದ್ದೆ. ನನ್ನ ಮಾರ್ಗದರ್ಶಕರು ವಿಜಯಪುರದ ಕಡೆಯವರು, ಹೈದರಾಬಾದಿನಲ್ಲೇ ತಲೆ ನರೆತವರು. ತರುಣರಾಗಿದ್ದಾಗ ಅವರು ಕೀಟ ವರ್ಗೀಕರಣಕ್ಕೇ ಮೀಸಲಾದ ವಿದೇಶಿ ಪತ್ರಿಕೆಯೊಂದರಲ್ಲಿ ಹೊಸ ಕಣಜವೊಂದರ ಬಗ್ಗೆ ಬರೆದು, ಅದಕ್ಕೆ ತಮ್ಮ ತಾಯಿಯ ಹೆಸರಿಟ್ಟಿದ್ದರು. ಅವರಿಗೆ ಸಿಕ್ಕಿದ್ದು ಹೆಣ್ಣು ಮಾತ್ರ. ರೆಕ್ಕೆಯಿಲ್ಲ, ಮೈತುಂಬ ಮಖಮಲ್ಲಿನಂಥ ಕೆಂಪು ಕೂದಲು. ನೋಡಿದವರು ಇರುವೆ ಎಂದೇ ತಿಳಿಯಬೇಕು.

ಸನತ್‌ನಗರದಲ್ಲಿ ಮುಚ್ಚಿದ ಕಾರ್ಖಾನೆಯೊಂದರ ಹಿಂದಿನ ಬಯಲಲ್ಲಿ ಒಂದು ಬೆಳಿಗ್ಗೆ ನನ್ನ ಬಲೆಗೆ ಕೂಡುತ್ತಿದ್ದ ಜೋಡಿಯೊಂದು ಬಿತ್ತು. ರೆಕ್ಕೆಯಿದ್ದ ಕಪ್ಪು ಗಂಡು ಅದೇ ಕೆಂಪು ಹೆಣ್ಣನ್ನು ಹಿಡಿದುಕೊಂಡಿತ್ತು. ಸೂಕ್ಷ್ಮದರ್ಶಕದಡಿ ನೋಡಿದರೆ ಆ ಗಂಡು ಹೊಸದಲ್ಲ. ಬ್ರಿಟಿಷರ ಕಾಲದಲ್ಲೇ ಯಾರೋ ಅದಕ್ಕೆ ಬೇರೆ ಹೆಸರಿಟ್ಟಿದ್ದರು. ಒಂದೇ ಪ್ರಭೇದಕ್ಕೆ ಎರಡು ಹೆಸರಿದ್ದರೆ ಹಳೆಯದು ನಿಲ್ಲುತ್ತದೆ, ಹೊಸದು ಬಿದ್ದುಹೋಗುತ್ತದೆ.

ಹೇಗೆ ಹೇಳುವುದೆಂದು ತೋಚದೆ ಜೋಡಿಯಿದ್ದ ಡಬ್ಬಿಯನ್ನೇ ಸರ್ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು.

"ಜೋಡಿ ನೀನ ಹಿಡದೀಯೇನವ್ವಾ?"

"ಹೌದ್ರಿ ಸರ್."

"ಹಂಗಾದ್ರ ನಮ್ಮವ್ವನ ಹೆಸರು ಹೋತು."

"ಒಂದ ಜೋಡಿ ಐತ್ರಿ. ಇನ್ನೊಂದು ಸಿಗೂತನಕ ತಡೀಲೇನ್ರಿ?"

"ಇನ್ನೊಂದು ಹುಡುಕೂಣು. ತಡ್ಯಾಕಲ್ಲ, ಖಾತ್ರಿ ಮಾಡ್ಕೊಳ್ಳಾಕ."

ಭಾನುವಾರ ಅವರೇ ನನ್ನ ಜೊತೆ ಬಂದರು. ಜೀವಂತ ಹೆಣ್ಣೊಂದನ್ನು ಹಿಡಿದು, ಜಾಲರಿಯ ಡಬ್ಬಿಯಲ್ಲಿ ಹಾಕಿ ನೆಲದ ಮೇಲಿಟ್ಟು, ಗೋಡೆಯ ನೆರಳಲ್ಲಿ ಕೂತೆವು. ಬಿಸಿಲೇರಿದಂತೆ ಹೆಣ್ಣಿನ ವಾಸನೆ ಹಿಡಿದು ಅದೇ ಕಪ್ಪು ಗಂಡುಗಳು ಬರತೊಡಗಿದವು. ಕಾರ್ಖಾನೆಯ ಕಾವಲುಗಾರ ಹತ್ತಿರ ಬಂದು, "ಏಂಟಿ ಸಾರ್ ಇದಿ?" ಎಂದು ತೆಲುಗಿನಲ್ಲಿ ಕೇಳಿದ. "ಪೆಳ್ಳಿ ಚೂಪುಲು," ಎಂದರು ಸರ್. ಹೆಣ್ಣು ನೋಡುವ ಶಾಸ್ತ್ರ! ಅವನು ನಗುತ್ತಾ ಹೋದ.

ಹಿಂದಿರುಗುವಾಗ ಆಟೊದಲ್ಲಿ ಕೂತೇ ಅವರು ಊರಿನಲ್ಲಿದ್ದ ತಾಯಿಗೆ ಫೋನ್ ಮಾಡಿದರು. ಮುದುಕಿಗೆ ಕಿವಿ ಮಂದ. ಸ್ಪೀಕರಿನಲ್ಲಿ ಮಾತು ನನಗೂ ಕೇಳಿಸಿತು.

"ಅವ್ವಾ, ಆ ಹುಳಕ್ಕ ಇನ್ನ ನಿನ್ನ ಹೆಸರು ಇರಂಗಿಲ್ಲ ನೋಡು."

"ಕಡಿಯೂ ಹುಳಕ್ಕ ನನ್ನ ಹೆಸರಿಟ್ಟಿದ್ದಿ. ಹೋತಲ್ಲ, ಭಾಳ ಚಲೋ ಆತು!"

ಸರ್ ಜೋರಾಗಿ ನಕ್ಕರು.

ಲೇಖನವನ್ನು ಅದೇ ಪತ್ರಿಕೆಗೆ ಕಳಿಸಿದೆವು. ಪರಿಶೀಲಕರಿಗೆ ಲೇಖಕರು ಯಾರೆಂದು ತಿಳಿಸದೆ ಕಳಿಸುವುದು ಅಲ್ಲಿನ ಪದ್ಧತಿ. ಅವರಲ್ಲೊಬ್ಬರು ಕೇಳಿದ್ದರು: ಈ ಹೆಸರಿಟ್ಟ ವಿಜ್ಞಾನಿಗೆ ವಿಷಯ ತಿಳಿಸಿದ್ದೀರಾ? ಸರ್ ಕನ್ನಡಕ ಒರೆಸುತ್ತಾ, "ತಿಳಿಸೇವಿ, ಅವರ ಒಪ್ಪಿಗಿ ಐತಿ ಅಂತ ಬರಿ," ಎಂದರು. ಹಾಗೇ ಬರೆದೆ.

ಅದು ನನ್ನ ಮೊದಲ ಲೇಖನ. ಪ್ರಕಟವಾದ ದಿನ ಸರ್ ನನಗೆ ಇರಾನಿ ಚಹಾ ಕುಡಿಸಿದರು. ವಾಪಸು ಬಂದಮೇಲೆ, ತಾವು ಹೆಸರಿಟ್ಟಿದ್ದ ಉಳಿದ ಹೆಣ್ಣು ಕಣಜಗಳ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, "ಇವುಕ್ಕೂ ಗಂಡು ಹುಡುಕು," ಎಂದರು.