ಮೇಲ್ ಎಂದರೆ ಚೀಲ

ವಿಲಾಯತಿಯಲ್ಲಿ ಕೆಂಟನ್ನಿನ ನಮ್ಮ ಮನೆ ಖಾಲಿ ಮಾಡುವಾಗ ಮೆಟ್ಟಿಲಡಿಯ ಗೂಡಿನಿಂದ ಅಪ್ಪನ ಚರ್ಮದ ಚೀಲ ಹೊರಬಂತು. ಬಾಯಿ ತೆರೆದೊಡನೆ ಬೂಸ್ಟು ಹಿಡಿದ ಚರ್ಮ, ನುಸಿಗುಳಿಗೆ ಬೆರೆತ ವಾಸನೆ ಮೂಗಿಗೆ ಹೊಡೆಯಿತು. ಅದೇ ವಾಸನೆ ನನ್ನ ಬಾಲ್ಯದ ಭಾನುವಾರಗಳದ್ದೂ ಹೌದು. ಅಪ್ಪ, ಅಮ್ಮ ಇಬ್ಬರೂ ಆಸ್ಪತ್ರೆಯ ವೈದ್ಯರು. ಭಾನುವಾರ ಅಮ್ಮನಿಗೆ ಡ್ಯೂಟಿ. ನನ್ನನ್ನು ಬೆಳೆಸಿದವಳು ಧಾರವಾಡದಿಂದ ಬಂದಿದ್ದ ಅಜ್ಜಿ, ಅಪ್ಪನ ತಾಯಿ. ಅವಳಿಗೆ ಓದು ಬರುತ್ತಿರಲಿಲ್ಲ, ನನಗೆ ಕನ್ನಡ ಅಕ್ಷರ ಗೊತ್ತಿರಲಿಲ್ಲ. ಅವಳ ತಂಗಿ ಗಂಗವ್ವ ಬರೆದ ನೀಲಿ ಪತ್ರಗಳನ್ನು ತಿಂಡಿಯಾದ ಮೇಲೆ ಅಪ್ಪನೇ ಓದಬೇಕು. ಮನೆ ಬೆಚ್ಚಗಿಡುವ ರೇಡಿಯೇಟರಿಗೆ ಬೆನ್ನು ಕೊಟ್ಟು ಅಜ್ಜಿ ಕಾದು ಕೂರುತ್ತಿದ್ದಳು. ಅಂಥದೊಂದು ಭಾನುವಾರ ನಿಮ್ಮ ಮನೆಯಲ್ಲೂ ಇದ್ದಿರಬಹುದು.

ಅಪ್ಪನಿಗೆ ಪದಗಳ ಹುಚ್ಚು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಪುಟ್ಟೀ, ಇಂಗ್ಲಿಷಿನ ಮೇಲ್ ಅಂದ್ರ ಮೊದಲು ಚೀಲ, ಪ್ರವಾಸದ ಚೀಲ. ಆಮ್ಯಾಲೆ ಪತ್ರದ ಚೀಲ ಆತು. ಕಡೀಕ ಒಳಗಿನ ಪತ್ರಕ್ಕ ಆ ಹೆಸರು ಬಂತು" ಎನ್ನುತ್ತಿದ್ದ. "ಚೀಲದ ಪುರಾಣ ಸಾಕೋ ಡಾಕ್ಟರಾ, ನನ್ನ ತಂಗಿ ಏನಂತಾಳ ಓದು" ಎಂದು ಅಜ್ಜಿ ಗದರುತ್ತಿದ್ದಳು. ಪತ್ರದಲ್ಲಿ ಮಳೆ, ಎಮ್ಮೆ ಈದದ್ದು, ಯಾರದೋ ಮದುವೆ. ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದ ಅವನ ಬೆರಳು ಒಮ್ಮೆಲೇ ನಾಲ್ಕೈದು ಸಾಲು ಜಿಗಿಯುತ್ತಿತ್ತು. "ಡ್ಯಾಡ್, ಯು ಮಿಸ್ಡ್ ಅ ಬಿಟ್" ಎಂದೆ ಒಮ್ಮೆ. "ಅದು ಬರೇ ನಮಸ್ಕಾರ" ಎಂದು ನಕ್ಕ. ಅಜ್ಜಿ ಪ್ರತಿ ಸಲ ಕೇಳುತ್ತಿದ್ದಳು, "ಬಾ ಅಂತ ಬರದಾಳೇನು?" "ಇಲ್ಲವ್ವಾ." "ಹಂಗಾರ ಹೆಂಗ ಹೋಗ್ಲಿ? ಕರೀಲಾರದ ಮನಿಗೆ ಹೋಗಬಾರದು." ಹೀಗೆ ಹನ್ನೊಂದು ವರ್ಷ. ಮೊದಲು ಗಂಗವ್ವ ತೀರಿಕೊಂಡಳು. ಎರಡು ಚಳಿಗಾಲದ ನಂತರ ಇದೇ ಮನೆಯಲ್ಲಿ ಅಜ್ಜಿ.

ಕನ್ನಡ ಓದಲು ನಾನು ಕಲಿತದ್ದು ತಡವಾಗಿ. ಮೊನ್ನೆ ನೆಲದ ಮೇಲೆ ಕೂತು ಚೀಲದಿಂದ ಒಂದೊಂದೇ ಪತ್ರ ತೆಗೆದು ಬಿಡಿಸಿದೆ. ವರ್ಷದಿಂದ ವರ್ಷಕ್ಕೆ ಅಕ್ಷರಗಳು ದೊಡ್ಡದಾಗುತ್ತ ಹೋಗಿವೆ. ಕೇಳಿಕೆ ಮಾತ್ರ ಒಂದೇ. "ಅಕ್ಕಾ, ಒಮ್ಮೆ ಬಂದು ಹೋಗು. ಕಣ್ಣು ಮಂಜಾಗ್ಯಾವ, ಪೂರಾ ಹೋಗೂದರಾಗ ನಿನ್ನ ಮಾರಿ ನೋಡಬೇಕು." ಅಜ್ಜಿ ಊರಿಗೆ ಹೋಗಿದ್ದರೆ ನನ್ನನ್ನು ನೋಡಿಕೊಳ್ಳುವವರು ಇರಲಿಲ್ಲ. ಅಪ್ಪನ ಸುಳ್ಳಿಗೆ ಕಾರಣ ಅಷ್ಟೇ. ಸುಳ್ಳನ್ನಾದರೂ ಕ್ಷಮಿಸಬಹುದಿತ್ತು, ಅದರ ಅಚ್ಚುಕಟ್ಟು ಕಂಡು ಹೇಸಿಗೆಯಾಯಿತು. ಆ ಸಾಲುಗಳ ಎರಡೂ ತುದಿಯಲ್ಲಿ ಹಸಿರು ಪೆನ್ಸಿಲಿನ ಸಣ್ಣ ಗೆರೆ, ಎಲ್ಲಿಂದ ಜಿಗಿದು ಎಲ್ಲಿ ಇಳಿಯಬೇಕೆಂಬ ಗುರುತು. ಶನಿವಾರ ಸಂಜೆ ಮೆಟ್ಟಿಲ ಮೇಲೆ ಕೂತು ಅಪ್ಪ ಒಬ್ಬನೇ ಪತ್ರ ಓದಿಕೊಳ್ಳುತ್ತಿದ್ದುದು ನೆನಪಿದೆ. ಹಸಿರು ಪೆನ್ಸಿಲು ನನ್ನ ಶಾಲೆಯ ಡಬ್ಬಿಯದು. ಅವನು ಕೇಳಿದಾಗಲೆಲ್ಲ ಚೂಪು ಮಾಡಿ ಕೊಟ್ಟವಳು ನಾನು.