ಮೂಸಿ ನೋಡದೆ ಕುಡಿದ ಲೋಟ

ಕಳೆದ ಶುಕ್ರವಾರ ಮಧ್ಯಾಹ್ನ ಇಲ್ಲಿ ದೋಹಾದ ಅಲ್ ಗರಾಫಾದ ಒಂದು ಮನೆಯಲ್ಲಿ ಮಗುವಿನ ಹುಟ್ಟುಹಬ್ಬವಿತ್ತು. ಉದ್ದ ಕಾಲಿನ ಗಾಜಿನ ಲೋಟದಲ್ಲಿ ಕಪ್ಪು ದ್ರಾಕ್ಷಿಯ ಜ್ಯೂಸ್ ಕೊಟ್ಟರು. ಮನೆಯಲ್ಲೇ ಹಿಂಡಿ ಸೋಸಿದ್ದು. ಹಿಂದಿನ ದಿನ ಮಾಡಿಟ್ಟದ್ದಿರಬೇಕು, ಸ್ವಲ್ಪ ಹುಳಿ ವಾಸನೆಯಿತ್ತು. ನಾನು ಕುಡಿಯದೆ ಮೇಜಿನ ಮೇಲಿಟ್ಟೆ. ನೆನಪಾದದ್ದು ಭಾವ.

ಅವರು ನನಗೆ ಸಂಬಂಧದಲ್ಲಿ ಭಾವ ಅಲ್ಲ, ಅಲ್ಲಿ ಯಾರಿಗೂ ಅಲ್ಲ. ಬಿನ್ ಒಮ್ರಾನ್‌ನ ನಮ್ಮ ಕಟ್ಟಡದಲ್ಲಿದ್ದ ಊರಿನವರೆಲ್ಲ ಹಾಗೆ ಕರೆಯುತ್ತಿದ್ದರು. ಕಾರ್ಕಳದ ಕಡೆಯವರು. ಒಂದು ಕ್ಲೀನಿಂಗ್ ಕಂಪನಿಯ ವ್ಯಾನ್ ಓಡಿಸುತ್ತಿದ್ದರು. ನಾಲ್ಕನೇ ಮಹಡಿಯಲ್ಲಿ ನನ್ನ ಫ್ಲಾಟು, ಎರಡನೆಯದರಲ್ಲಿ ಐದು ಜನರ ಜೊತೆ ಅವರ ಒಂದು ಮಂಚ.

ಊರಲ್ಲಿದ್ದಾಗ ಅವರು ದೊಡ್ಡ ಕುಡುಕ. ಇದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಮಗಳು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ, "ನನ್ನ ಮದುವೆಯಲ್ಲಿ ಕುಡುಕನ ಕೈಯಿಂದ ಧಾರೆ ಬೇಡ. ಇನ್ನೊಂದು ಸಲ ಕುಡಿದರೆ ನೀವು ಮಂಟಪಕ್ಕೆ ಬರುವುದೇ ಬೇಡ" ಎಂದಳಂತೆ. ಅಂದಿನಿಂದ ಬಿಟ್ಟರು. ಕೆಮ್ಮಿಗೆ ಔಷಧಿ ತಂದರೂ ಬಾಟಲಿಯ ಚೀಟಿ ಓದಿಸಿಕೊಂಡು ಕುಡಿಯುವರು. ಯಾರು ಏನು ಕೊಟ್ಟರೂ ಮೊದಲು ಮೂಸಿ ನೋಡುವರು... ಚಹಾವನ್ನೂ. ನಾನು ಹೇಳುತ್ತಿರುವ ವರ್ಷ ಆ ಮಗಳಿಗೆ ಗಂಡು ನೋಡಲು ಶುರು ಮಾಡಿದ್ದರು.

ನಮ್ಮ ಗುಂಪಿಗೆ ಅವರು ಬೇಕಾಗಿದ್ದದ್ದು ಸ್ನೇಹಕ್ಕಲ್ಲ. ಇಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಜೈಲು, ಆಮೇಲೆ ಊರು. ಹಾಗಾಗಿ ಗಲ್ಫಿನಲ್ಲಿ ನಮ್ಮ ಕಡೆಯವರ ಪ್ರತಿ ಗುಂಪಿಗೂ ಕುಡಿಯದ ಒಬ್ಬ ಬೇಕು. ಅವನನ್ನು ಎಲ್ಲ ಪಾರ್ಟಿಗೂ ಕರೆಯುತ್ತಾರೆ, ಒಳ್ಳೆಯ ಮೀನಿನ ತುಂಡು ಅವನ ತಟ್ಟೆಗೇ ಹಾಕುತ್ತಾರೆ, ಕೊನೆಯಲ್ಲಿ ಕೀ ಕೊಡುತ್ತಾರೆ. ಭಾವ ನಮ್ಮನ್ನು ಒಬ್ಬೊಬ್ಬರನ್ನಾಗಿ ಮನೆಗೆ ಮುಟ್ಟಿಸುತ್ತಿದ್ದರು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ನೋಡಿ ಬುದ್ಧಿ ಹೇಳುತ್ತಿದ್ದರು. ಯಾರ ಲಿವರ್ ಎಷ್ಟು ಹಾಳಾಗಿರಬಹುದು, ಯಾರ ಹೆಂಡತಿ ಎಷ್ಟು ಅಳುತ್ತಿರಬಹುದು ಎಂದು. ಕೇಳಿಸಿಕೊಳ್ಳುವುದು ಕಷ್ಟವಿತ್ತು. ಅದನ್ನೂ ದಾಖಲಿಸಬೇಕು.

ಗುಂಪಿನ ಯಜಮಾನ ಒಬ್ಬ ಕಂಟ್ರಾಕ್ಟರ್. ನಮ್ಮೂರಿನವರೇ. ಮಂಗಳೂರಿನ ಪತ್ರಿಕೆ ಬಿಟ್ಟು ಬಂದ ನನಗೆ ಇಲ್ಲಿ ಅನುವಾದದ ಕೆಲಸ ಕೊಡಿಸಿದವರು ಅವರು. ಮೂರು ವರ್ಷದ ಹಿಂದೆ, ಚಳಿಗಾಲದಲ್ಲಿ, ದೋಹಾದಿಂದ ದಕ್ಷಿಣಕ್ಕೆ ಮರಳ ದಿಬ್ಬಗಳು ಸಮುದ್ರಕ್ಕೆ ಇಳಿಯುವಲ್ಲಿರುವ ಒಂದು ರೆಸಾರ್ಟಿನಲ್ಲಿ ಶುಕ್ರವಾರ, ಶನಿವಾರಕ್ಕೆ ರೂಮು ಹಿಡಿದರು. ಗಂಡಸರು ಮಾತ್ರ, ಎಂಟು ಜನ. ವ್ಯಾನನ್ನು ಭಾವನ ಸೂಪರ್‌ವೈಸರ್‌ನಿಂದ ನಾನು ಕೇಳಿ ತಂದಿದ್ದೆ.

"ಈ ಸಲ ಅಲ್ಲೇ ಮಲಗುವುದು. ರಾತ್ರಿ ಡ್ರೈವರ್ ಬೇಡ. ಭಾವ ನಮ್ಮ ಗೆಸ್ಟ್" ಎಂದರು ಕಂಟ್ರಾಕ್ಟರ್.

ಭಾವ ಹೊಸ ಚಡ್ಡಿ, ಹೊಸ ಚಪ್ಪಲಿ ಕೊಂಡಿದ್ದರು. ಕತಾರಿಗೆ ಬಂದು ಒಂಬತ್ತು ವರ್ಷವಾಗಿದ್ದರೂ ಅವರು ಇಲ್ಲಿಯ ಸಮುದ್ರಕ್ಕೆ ಇಳಿದಿರಲಿಲ್ಲ. ಆ ದಿನ ಮೊಣಕಾಲಿನವರೆಗೆ ಇಳಿದು, "ಅಲೆಯೇ ಇಲ್ಲ ಮಾರ್ರೆ. ಇದೆಂತ ಸಮುದ್ರ, ಬಟ್ಟಲಲ್ಲಿ ನೀರು ಇಟ್ಟ ಹಾಗೆ ಉಂಟು" ಎಂದು ಕೂಗಿದರು. ಖರ್ಜೂರದ ಗರಿಯ ಕೊಡೆಯ ಕೆಳಗೆ ಉದ್ದ ಕುರ್ಚಿಯಲ್ಲಿ ಮಲಗಿದರು. ವೇಟರ್ ಟವೆಲ್ ತಂದುಕೊಟ್ಟಾಗ ಎದ್ದು ನಿಂತು ತೆಗೆದುಕೊಂಡರು.

ಆ ವಾರ ರೆಸಾರ್ಟಿನ ರೆಸ್ಟೋರೆಂಟನ್ನು ಯಾವುದೋ ದೇಶದ ಕಡಲತಡಿಯ ದ್ರಾಕ್ಷಿತೋಟದ ಹಾಗೆ ಅಲಂಕರಿಸಿದ್ದರು. ಚಪ್ಪರದಲ್ಲಿ ಪ್ಲಾಸ್ಟಿಕ್ ಬಳ್ಳಿ, ಪ್ಲಾಸ್ಟಿಕ್ ಗೊಂಚಲು. ಆ ತೋಟದ ವೈನ್ ಒಂದು ಕಡೆ, ಅದೇ ಬಣ್ಣದ ದ್ರಾಕ್ಷಿ ಜ್ಯೂಸ್ ಇನ್ನೊಂದು ಕಡೆ. ಎರಡಕ್ಕೂ ಒಂದೇ ತರಹದ ಲೋಟ.

ಸಂಜೆ ನಾಲ್ಕಕ್ಕೆ ಭಾವ ಜ್ಯೂಸ್ ತರಿಸಿ ಮೂಸಿದರು.

"ಎಂತ ಭಾವ, ನಾಯಿಯ ಹಾಗೆ ಮೂಸುವುದು? ಮರ್ಯಾದೆ ಉಂಟಾ? ಬಿಳಿಯರು ನೋಡ್ತಿದ್ದಾರೆ" ಎಂದರು ಕಂಟ್ರಾಕ್ಟರ್.

"ನಾಯಿಗೆ ಮೂಗು ಉಂಟು, ಅದಕ್ಕೆ ಮೋರಿಗೆ ಬೀಳುವುದಿಲ್ಲ. ನೀವು ಬೀಳ್ತೀರಿ" ಎಂದರು ಭಾವ.

ಎಲ್ಲರೂ ನಕ್ಕರು. ಕಂಟ್ರಾಕ್ಟರ್ ನಗಲಿಲ್ಲ. ಭಾವ ಕೈತೊಳೆಯಲು ಹೋದಾಗ ಅವರು ಆ ಲೋಟದ ಜ್ಯೂಸನ್ನು ಹೂಕುಂಡಕ್ಕೆ ಚೆಲ್ಲಿ, ತಮ್ಮ ವೈನನ್ನು ಅದಕ್ಕೆ ಸುರಿದು ನನ್ನ ಕೈಗೆ ಕೊಟ್ಟರು. "ನೀವು ಕೊಡಿ. ನಿಮ್ಮ ಕೈಯಿಂದಾದರೆ ಮೂಸುವುದಿಲ್ಲ."

ಅದು ನಿಜವಾಗಿತ್ತು. ಭಾವ ಮೂಸದೆ ಕುಡಿಯುತ್ತಿದ್ದದ್ದು ನನ್ನ ಮನೆಯ ಚಹಾ ಒಂದೇ. ಅವರು ವಾಪಸು ಬಂದರು. ನಾನು ಲೋಟ ಕೊಟ್ಟೆ. ಅವರು ಕುಡಿದರು.

ಒಂದು ದೊಡ್ಡ ಗುಟುಕು. ಆಮೇಲೆ ಕಣ್ಣು ನಿಂತವು. ಮೇಜಿನ ಸುತ್ತ ನಗು ಒಡೆಯಿತು. ಒಬ್ಬ ಚಪ್ಪಾಳೆ ತಟ್ಟಿದ. "ಖಲಾಸ್! ಭಾವ ಔಟ್!" ಎಂದರು ಕಂಟ್ರಾಕ್ಟರ್. ಭಾವ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಲೋಟವನ್ನು ನಿಧಾನಕ್ಕೆ ಮೇಜಿನ ಮೇಲಿಟ್ಟು, ಮರಳಿನಲ್ಲಿ ನಡೆದು ಹೋಗಿ, ಸಮುದ್ರದ ನೀರನ್ನು ಬೊಗಸೆಯಲ್ಲಿ ಎತ್ತಿ ಬಾಯಿ ಮುಕ್ಕಳಿಸಿದರು. ಹಲವು ಸಲ... ನಾನು ಎಣಿಸಲಿಲ್ಲ.

ಕತ್ತಲಾಗುವ ಮೊದಲು ನನ್ನ ರೂಮಿನ ಬಾಗಿಲು ತಟ್ಟಿದರು. ದಿಂಬಿನ ಗವಸಿನಲ್ಲಿ ಅವರ ರೂಮಿನ ಫ್ರಿಜ್ಜಿನ ಸಣ್ಣ ಮದ್ಯದ ಬಾಟಲಿಗಳನ್ನೆಲ್ಲ ತುಂಬಿಕೊಂಡು ಬಂದಿದ್ದರು.

"ಇದು ನಿಮ್ಮಲ್ಲಿ ಇರಲಿ. ರುಚಿ ನಾಲಿಗೆಯಲ್ಲಿ ಕೂತಿದೆ. ನನಗೆ ನನ್ನ ಮೇಲೆ ನಂಬಿಕೆ ಇಲ್ಲ."

ಅಷ್ಟೇ ಹೇಳಿದರು. ಯಾಕೆ ಕೊಟ್ಟಿರಿ ಎಂದು ಕೇಳಲಿಲ್ಲ.

ಮರುದಿನ ಮಧ್ಯಾಹ್ನ ರೂಮು ಬಿಡುವ ಹೊತ್ತಿಗೆ ಉಳಿದವರೆಲ್ಲ ಬಿಯರ್ ಕುಡಿದಾಗಿತ್ತು. ನಾನೂ ಕುಡಿದಿದ್ದೆ. ಭಾವ ವ್ಯಾನಿನ ಕೀಯನ್ನು ನನ್ನ ಕೈಗಿಟ್ಟರು. "ಕುಡಿದವ ಓಡಿಸಬಾರದು ಎಂದು ಕಂಪನಿಗೆ ಸೈನ್ ಹಾಕಿ ಕೊಟ್ಟಿದ್ದೇನೆ. ಬೇರೆ ಡ್ರೈವರ್ ಕಳಿಸಲು ಹೇಳಿದ್ದೇನೆ."

"ನಿನ್ನೆಯ ಒಂದು ಗುಟುಕಿಗಾ? ಮಂಡೆ ಸಮ ಉಂಟಾ ನಿಮಗೆ? ಯಲ್ಲಾ, ಬೇಗ ಹತ್ತಿ" ಎಂದು ಕಂಟ್ರಾಕ್ಟರ್ ಗದರಿದರು.

ಭಾವ ಹತ್ತಲಿಲ್ಲ. ಬರುವ ಡ್ರೈವರ್‌ಗೆ ಕೊಡಲು ಕೀಯನ್ನು ರಿಸೆಪ್ಶನ್ನಿನಲ್ಲಿ ಬಿಟ್ಟು ನಾವು ಎರಡು ಟ್ಯಾಕ್ಸಿಗಳಲ್ಲಿ ಹೊರಟೆವು. ಅವರು ವ್ಯಾನಿನ ನೆರಳಿನಲ್ಲಿ ಕುಳಿತಿದ್ದರು, ಹೊಸ ಚಪ್ಪಲಿ ಪಕ್ಕದಲ್ಲಿ ಬಿಚ್ಚಿಟ್ಟು.

ಸಂಜೆ ಅವರ ಸೂಪರ್‌ವೈಸರ್ ನನಗೆ ಫೋನ್ ಮಾಡಿದರು. ಮಲಯಾಳಿ, ಹಿಂದಿಯಲ್ಲಿ ಮಾತಾಡಿದರು. ಡ್ರೈವರ್ ಕುಡಿದಿದ್ದು ನಿಜವೇ ಎಂದು ಕೇಳಿದರು. ನಿಜ, ನಾನು ನೋಡಿದೆ ಎಂದೆ. ಸುರಿದವರು ಯಾರು ಎಂದು ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ಕೆಲಸ ಹೋಯಿತು. ಎರಡು ವಾರದಲ್ಲಿ ಟಿಕೆಟ್ ಬಂತು.

ಅವರು ಹೊರಡುವ ಮೊದಲು ಮಗಳು ಫೋನ್ ಮಾಡಿದಳು. ನಂಬರ್ ಅವರೇ ಕೊಟ್ಟಿದ್ದರು. ಸಾಕ್ಷಿ ಹೇಳಲು ನಾನಿದ್ದೇನೆ ಎಂದುಕೊಂಡಿದ್ದಿರಬೇಕು.

"ಅಂಕಲ್, ಗೊತ್ತಿಲ್ಲದೆ ಕುಡಿದದ್ದು ಅಂತ ಅಪ್ಪ ಹೇಳ್ತಾರೆ. ಮೊದಲೂ ಹೀಗೇ ಹೇಳ್ತಿದ್ರು. ಯಾರೋ ಮೋಸ ಮಾಡಿ ಕುಡಿಸಿದ್ರು ಅಂತ. ನೀವು ಪೇಪರಿನಲ್ಲಿ ಇದ್ದವರಂತೆ, ಸುಳ್ಳು ಹೇಳುವುದಿಲ್ಲವಂತೆ. ಹೇಳಿ."

ಆ ಹೊತ್ತಿಗೆ ಕಂಟ್ರಾಕ್ಟರ್ ನನ್ನ ತಮ್ಮನ ವೀಸಾಕ್ಕೆ ಓಡಾಡುತ್ತಿದ್ದರು.

"ಕುಡಿದದ್ದು ಹೌದಮ್ಮ. ಉಳಿದದ್ದು ನಾನು ನೋಡಿಲ್ಲ" ಎಂದೆ.

ಎರಡನೆಯ ವಾಕ್ಯ ಸುಳ್ಳು. ಅವಳು "ಆಯ್ತು" ಎಂದು ಫೋನ್ ಇಟ್ಟಳು. ಭಾವ ಹೋಗುವ ದಿನ ನಾನು ಕೆಳಗೆ ಇಳಿಯಲಿಲ್ಲ. ಅವರೂ ಮೇಲೆ ಬರಲಿಲ್ಲ... ನನ್ನ ತಮ್ಮ ಈಗ ಇಲ್ಲಿಯೇ, ಅಬು ಹಮೂರ್‌ನಲ್ಲಿದ್ದಾನೆ.

ಕಳೆದ ಶುಕ್ರವಾರ ಆ ಹುಟ್ಟುಹಬ್ಬದ ಮನೆಯಲ್ಲಿ ಕಾರ್ಕಳದ ಒಬ್ಬರು ಸಿಕ್ಕಿದರು. ರಜೆ ಮುಗಿಸಿ ಬಂದವರು. ಭಾವನ ಬಗ್ಗೆ ನಾನೇ ಕೇಳಿದೆ. ತಮ್ಮನ ಮನೆಯಲ್ಲಿ ಇದ್ದಾರಂತೆ. ಕುಡಿಯುವುದಿಲ್ಲವಂತೆ, ಕುಡಿದದ್ದನ್ನು ಊರಲ್ಲಿ ಯಾರೂ ನೋಡಿಲ್ಲವಂತೆ. ಮಗಳ ಮದುವೆ ಮೇ ತಿಂಗಳಲ್ಲಿ ಆಯಿತು. ಧಾರೆ ಎರೆದದ್ದು ಅವಳ ಸೋದರಮಾವ. ಭಾವ ಬೆಳಿಗ್ಗೆಯಿಂದ ಮದುವೆ ಹಾಲ್‌ನ ಹೊರಗೆ ನಿಂತು ಬಂದವರ ಕಾರುಗಳಿಗೆ ಜಾಗ ತೋರಿಸುತ್ತಿದ್ದರು. ಊಟಕ್ಕೆ ಕರೆಯಲು ಯಾರೋ ಹೋದಾಗ ಅಲ್ಲಿರಲಿಲ್ಲ.